ನೇತ್ರಾವತಿಯಲ್ಲಿ ಸೈಡ್ ಕೊಟ್ಟವಳು

ಕಳೆದ ಭಾನುವಾರ ಮಧ್ಯಾಹ್ನ ನನ್ನ ಅಕ್ಕನ ಮಗಳು ನದಿಯ ನಟ್ಟನಡುವೆ ಸೈಡ್ ಕೊಟ್ಟಳು.

ನೀವು ಸರಿಯಾಗಿಯೇ ಓದಿದಿರಿ. ರಸ್ತೆಯಲ್ಲಲ್ಲ, ನದಿಯಲ್ಲಿ. ಬಂಟ್ವಾಳದ ಹತ್ತಿರ ಅಣೆಕಟ್ಟಿನ ಗೇಟು ಇಳಿಸಿದ ಮೇಲೆ ನೇತ್ರಾವತಿ ಕೆರೆಯ ಹಾಗೆ ತುಂಬಿ ನಿಲ್ಲುತ್ತದಲ್ಲ, ಅಲ್ಲಿ. ಆಚೆ ದಡದಲ್ಲಿ ನಿಂತವರ ಮುಖ ಗುರುತು ಸಿಗದಷ್ಟು ಅಗಲದ ನೀರು. ಆ ನೀರಿನಲ್ಲಿ ಒಂದರ ಹಿಂದೆ ಒಂದು, ಎರಡು ಪುಟ್ಟ ಹಾಯಿದೋಣಿಗಳು. ಹಿಂದಿನ ದೋಣಿಯ ಹುಡುಗ ತುಳುವಿನಲ್ಲಿ ಕೂಗಿದ: "ಓಯ್, ಸೈಡ್ ಕೊರ್ಲೆ!" ಸೈಡ್ ಕೊಡಿ ಅಂತ. ಮುಂದಿನ ದೋಣಿಯ ಹುಡುಗಿ ಚುಕ್ಕಾಣಿ ತಿರುಗಿಸಿ ಎಡಕ್ಕೆ ಸರಿದಳು. ಅವನು ಹೋದ. ಇವಳು ಸೋತಳು.

ಎಡಕ್ಕೆ! ನೀರಿನ ಮೇಲೆ ಎಡ ಯಾವುದು, ಬಲ ಯಾವುದು? ಅಲ್ಲೇನು ಡಾಮರು ಹಾಕಿತ್ತಾ? ಬಿಳಿ ಗೆರೆ ಎಳೆದಿತ್ತಾ? ಅಷ್ಟು ದೊಡ್ಡ ನದಿಯಲ್ಲಿ ಅವನಿಗೆ ಹೋಗಲಿಕ್ಕೆ ಅವಳು ಇದ್ದ ಜಾಗವೇ ಬೇಕಿತ್ತಾ?

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆದ್ದರಿಂದ ಈ ವಾರ ನಿಮಗೆ ದೋಣಿಯ ಕಾನೂನು. ಸಹಿಸಿಕೊಳ್ಳಿ.

ಹುಡುಗಿಯ ಹೆಸರು ಅನ್ವಿತಾ. ಮೂಡುಬಿದಿರೆಯಲ್ಲಿ ಡಿಗ್ರಿ ಓದುತ್ತಾಳೆ. ವಾರವಿಡೀ ಪುತ್ತಿಗೆಯ ನಮ್ಮ ಮನೆಯಲ್ಲಿದ್ದು ಶನಿವಾರ ಬಂಟ್ವಾಳದ ತನ್ನ ಮನೆಗೆ ಹೋಗುತ್ತಾಳೆ. ಮನೆಗೆ ಅಂತ ಹೆಸರಿಗೆ, ನಿಜವಾಗಿ ಹೋಗುವುದು ಹೊಳೆಗೆ. ಅಲ್ಲಿ ಪಿಂಟೊ ಸರ್ ಎಂಬವರು ಹಡಗಿನ ಕೆಲಸ ಬಿಟ್ಟು ಬಂದ ಮೇಲೆ ಒಂದು ತಗಡಿನ ಶೆಡ್ ಹಾಕಿ, ಒಬ್ಬರೇ ಕೂತು ನಡೆಸುವ ಹಾಯಿದೋಣಿಗಳನ್ನು ಇಟ್ಟಿದ್ದಾರೆ. ಊರಿನವರು ಮೊದಲು ನಕ್ಕರು. ("ಸರ್, ಇದಕ್ಕೆ ಇಂಜಿನ್ ಹಾಕ್ಲಿಕ್ಕೆ ಮರ್ತಿರಾ?") ಈಗ ಪುತ್ತೂರು, ಬೆಳ್ತಂಗಡಿಯಿಂದಲೂ ಮಕ್ಕಳು ಬರುತ್ತಾರೆ.

ಭಾನುವಾರದ್ದು ಈ ಸೀಸನ್ನಿನ ಕೊನೆಯ ರೇಸ್. ಮೊದಲ ಇಬ್ಬರಿಗೆ ಮುಂದಿನ ತಿಂಗಳು ಗೋವಾದಲ್ಲಿ, ನಿಜವಾದ ಸಮುದ್ರದಲ್ಲಿ ಓಡಿಸುವ ಅವಕಾಶ. ಅನ್ವಿತಾ ಸಮುದ್ರದಲ್ಲಿ ಒಮ್ಮೆಯೂ ದೋಣಿ ಬಿಟ್ಟವಳಲ್ಲ. ಗೋವಾ, ಗೋವಾ ಎಂದು ನಮ್ಮ ಮನೆಯ ಗೋಡೆಗಳಿಗೂ ಬಾಯಿಪಾಠ ಆಗುವಷ್ಟು ಹೇಳಿದ್ದಳು. ಕೊನೆಯ ತಿರುವಿನಲ್ಲಿ ಅವಳು ಎರಡನೆಯವಳು. ಮೂರನೆಯವನು ಮುಂಡಾಜೆಯ ನಿಶಾನ್. ಒಳ್ಳೆಯ ಹುಡುಗನೇ. ಬೆಳಗ್ಗೆ ನಾನು ತಂದ ಚಕ್ಕುಲಿಯಲ್ಲಿ ಅರ್ಧ ಡಬ್ಬ ಖಾಲಿ ಮಾಡಿದವನು ಅವನೇ. ("ಆಂಟಿ, ನೀವೇ ಮಾಡಿದ್ದಾ? ಹಲ್ಲು ಗಟ್ಟಿ ಉಂಟಾ ನೋಡ್ಲಿಕ್ಕೆ ಒಳ್ಳೆದುಂಟು.")

ಇಬ್ಬರ ಬೆನ್ನಿಗೂ ಗಾಳಿ. ಮುಂದೆ ರೇಸ್ ಮುಗಿಯುವ ಗೆರೆ. ನಾನು ದಡದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿಯುವುದೊಂದು ಬಾಕಿ. ಆಗ ಆ ಕೂಗು.

ಈಗ ಕಾನೂನು. ಪಿಂಟೊ ಸರ್ ನನಗೆ ಅದನ್ನು ಟೀ ಕುಡಿಯುವಷ್ಟು ಹೊತ್ತಿನಲ್ಲಿ ಅರ್ಥ ಮಾಡಿಸಿದರು. ಎರಡು ದೋಣಿಗಳು ಒಂದೇ ಕಡೆಯ ಗಾಳಿ ಹಿಡಿದು ಹೋಗುತ್ತಿರುವಾಗ, ಪೂರ್ತಿ ಹಿಂದೆ ಇರುವ ದೋಣಿ ಮುಂದಿನ ದೋಣಿಗೆ ತೊಂದರೆಯಾಗದಂತೆ ತಪ್ಪಿಸಿಕೊಂಡು ಹೋಗಬೇಕು. ಅಷ್ಟೇ. ಹಿಂದಿನವನ ದೋಣಿ ಎಷ್ಟೇ ಜೋರಿರಲಿ, ಅವನಿಗೆ ಎಷ್ಟೇ ಅರ್ಜೆಂಟ್ ಇರಲಿ, ದಾರಿ ಹುಡುಕುವುದು ಅವನ ಕೆಲಸ. ಅಕ್ಕಪಕ್ಕ ಬಂದ ಮೇಲೆ ಬೇರೆ ಕಾನೂನು ಶುರುವಾಗುತ್ತದೆ, ಗಾಳಿಯ ಕಡೆಯಲ್ಲಿರುವವನು ಆಚೆಯವನಿಗೆ ಜಾಗ ಬಿಡಬೇಕು, ಅದೆಲ್ಲ ಇದೆ. ಆದರೆ ನಮ್ಮ ಕತೆ ಅಲ್ಲಿಯವರೆಗೆ ಹೋಗಲೇ ಇಲ್ಲ.

"ಮತ್ತೆ ಕೂಗಿದರೆ?" ಎಂದು ಕೇಳಿದೆ.

"ಕೂಗಲಿ. ಪದ ಹಾಡಲಿ. ಕೂಗಿದ್ರೆ ಹಕ್ಕು ಬರುದಿಲ್ಲ ಮೇಡಂ."

ಕೂಗಿದರೆ ಹಕ್ಕು ಬರುವುದಿಲ್ಲ! ಈ ವಾಕ್ಯವನ್ನು ನಮ್ಮ ಬಿ.ಸಿ. ರೋಡಿನಿಂದ ಮೂಡುಬಿದಿರೆಯವರೆಗೆ ಪ್ರತಿ ಕರೆಂಟ್ ಕಂಬಕ್ಕೂ ಅಂಟಿಸಬೇಕು ಅನ್ನಿಸಿತು.

ಯಾಕೆಂದರೆ ನಮ್ಮ ಕಡೆ ಹಾರ್ನ್ ಅಂದರೆ ಏನು? ಎಚ್ಚರಿಕೆಯಾ? ವಿನಂತಿಯಾ? ಅಲ್ಲವೇ ಅಲ್ಲ. ಅದು ಹುಕುಂ. ಕಳೆದ ಮಳೆಗಾಲದಲ್ಲಿ ಶಿರ್ತಾಡಿಯ ಹತ್ತಿರ ಒಂದು ಬಸ್ಸು ನನ್ನ ಸ್ಕೂಟರಿನ ಹಿಂದೆ ಬಂದು ಹಾರ್ನ್ ಒತ್ತಿ ಹಿಡಿಯಿತು. ನಾನು ನನ್ನ ಎಡಬದಿಯಲ್ಲಿ ಸರಿಯಾಗಿಯೇ ಹೋಗುತ್ತಿದ್ದೆ. ಇನ್ನೂ ಎಡಕ್ಕೆ ಹೋಗಬೇಕೆಂದರೆ ಡಾಮರಿನ ಅಂಚಿನಿಂದ ಒಂದು ಗೇಣು ಕೆಳಗೆ ಮಣ್ಣು, ಮಣ್ಣಿನ ಆಚೆ ನೀರು ಹರಿಯುವ ತೋಡು. ಹೋದೆ. ಬಿದ್ದೆ. ಬಸ್ಸು ನಿಲ್ಲಲಿಲ್ಲ. ಕಂಡಕ್ಟರ್ ಬಾಗಿಲಿನಿಂದ ಬಗ್ಗಿ, "ಸೈಡ್ ಕೊಡ್ಲಿಕ್ಕೆ ಗೊತ್ತಿಲ್ದಿದ್ರೆ ಯಾಕೆ ರೋಡಿಗೆ ಬರುದು ಅಕ್ಕ?" ಎಂದ. ಅದಾದರೂ ಇರಲಿ. ಎತ್ತಲಿಕ್ಕೆ ಬಂದವರು ಏನು ಹೇಳಿದರು ಗೊತ್ತಾ? ಸೋಡ ಕೊಟ್ಟು, ಮೊಣಕಾಲಿಗೆ ನೀರು ಹಾಕಿ, ಬಹಳ ಪ್ರೀತಿಯಿಂದ ಕೇಳಿದರು: "ಅವ ಹಾರ್ನ್ ಹಾಕಿದ್ದ ಅಲ್ವಾ ಅಕ್ಕ?"

ಅಂದರೆ ಹಾರ್ನ್ ಹಾಕಿದ ಮೇಲೆ ಅವನ ಜವಾಬ್ದಾರಿ ಮುಗಿಯಿತು. ಬಾಕಿ ಎಲ್ಲ ನನ್ನದು.

(ಆ ದಿನ ಹಾರ್ನ್ ಎಷ್ಟು ಹೊತ್ತು ಹೊಡೆದ ಎಂದು ಕೇಳಿದರೆ ಈಗ ನಾನು "ಕಿವಿ ಕಿತ್ತು ಹೋಗುವಷ್ಟು" ಅನ್ನುತ್ತೇನೆ. ಆದರೆ ಅದೇ ವಾರ ಮನೆಯಲ್ಲಿ ಹೇಳುವಾಗ "ಸ್ವಲ್ಪ ಜೋರಾಗಿ" ಎಂದಿದ್ದೆನಂತೆ. ಅನ್ವಿತಾ ನೆನಪಿಸುತ್ತಾಳೆ. ನನ್ನ ನೆನಪು ವರ್ಷ ಕಳೆದಂತೆ ಸಪ್ಪೆಯಾಗುವ ಜಾತಿಯದ್ದಲ್ಲ, ಉಪ್ಪಿನಕಾಯಿಯ ಹಾಗೆ ಖಾರ ಏರುವ ಜಾತಿಯದ್ದು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬೇಕಾಗುತ್ತದೆ.)

ಸರಿ, ನದಿಗೆ ಬರುವ. ಅನ್ವಿತಾ ಎಡಕ್ಕೆ ಸರಿದದ್ದು ಯಾಕೆ? ಕಾನೂನು ಗೊತ್ತಿಲ್ಲದೆ ಅಲ್ಲ. ಅವಳಿಗೆ ಅದು ನಿದ್ದೆಯಲ್ಲಿ ಕೇಳಿದರೂ ಬರುತ್ತದೆ. ಆದರೆ ಹುಟ್ಟಿದಾಗಿನಿಂದ ಅವಳು ಓಡಾಡಿದ್ದು ಈ ರಸ್ತೆಗಳಲ್ಲಿ. ಹಿಂದಿನಿಂದ ಜೋರು ಶಬ್ದ ಬಂತಾ, ಕೈ ತಾನಾಗಿ ಎಡಕ್ಕೆ ತಿರುಗುತ್ತದೆ. ತಲೆಗೆ ವಿಷಯ ತಲುಪುವುದು ಆಮೇಲೆ. ಅವಳ ವಿಷಯದಲ್ಲಿ ಎಷ್ಟು ಆಮೇಲೆ ಅಂದರೆ, ನಿಶಾನ್ ದಾಟಿ ಹೋಗುವಾಗ ಅವಳು ಮೊದಲು "ಸಾರಿ" ಅಂದಳು. ನಂತರ ನೆನಪಾಗಿ "ಪ್ರೊಟೆಸ್ಟ್!" ಎಂದು ಕೂಗಿದಳು.

ಮೊದಲು ಸಾರಿ, ಮತ್ತೆ ಪ್ರೊಟೆಸ್ಟ್. ನಮ್ಮ ಜಿಲ್ಲೆಯ ಚರಿತ್ರೆಯನ್ನು ಇಷ್ಟು ಚಿಕ್ಕದಾಗಿ ಯಾರೂ ಬರೆದಿರಲಾರರು.

ಈ ಪ್ರೊಟೆಸ್ಟ್ ಅನ್ನುವುದು ಹಾಯಿದೋಣಿಯವರ ಚಂದದ ಪದ್ಧತಿ. ನೀರಿನ ಮೇಲೆ ಸೀಟಿ ಊದುವ ಅಂಪೈರ್ ಇರುವುದಿಲ್ಲ. ತಪ್ಪು ಮಾಡಿದವರು ತಾವೇ ಒಪ್ಪಿ, ದೋಣಿಯನ್ನು ಗಿರಗಿರ ತಿರುಗಿಸಿ ಶಿಕ್ಷೆ ತೆಗೆದುಕೊಂಡು ಮುಂದೆ ಹೋಗಬೇಕು. ಒಪ್ಪದಿದ್ದರೆ ಅನ್ಯಾಯವಾದವರು ಆಗಲೇ "ಪ್ರೊಟೆಸ್ಟ್" ಎಂದು ಕೂಗಿ, ದಡಕ್ಕೆ ಬಂದು ದೂರು ಕೊಡಬೇಕು. ಮೂವರು ಕೂತು ವಿಚಾರಣೆ ಮಾಡುತ್ತಾರೆ. ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಟೀ. ದೂರು ಕೊಡುವುದು ಜಗಳವಲ್ಲ, ಆಟದ್ದೇ ಒಂದು ಭಾಗ.

ಇದನ್ನು ನಮ್ಮ ಅಕ್ಕನಿಗೆ ಹೇಳಿ ನೋಡಿ!

ದಡದಲ್ಲಿ ಒದ್ದೆ ಬಟ್ಟೆಯಲ್ಲೇ ನಿಂತಿದ್ದ ಮಗಳಿಗೆ ಟವೆಲ್ ಹೊದೆಸುತ್ತಾ ಅಕ್ಕ ಶುರು ಮಾಡಿದಳು. "ಬಿಡು ಮಗಾ. ಯಾಕೆ ಸುಮ್ಮನೆ ತಕರಾರು? ಅವನ ಅಮ್ಮ ನನಗೆ ಗುರ್ತದವರು. ನಾಳೆ ಮದುವೆ ಮನೆಯಲ್ಲಿ ಸಿಕ್ಕಿದ್ರೆ ಮುಖ ತೋರಿಸುದು ಹೇಗೆ?"

"ಅಮ್ಮ, ಅದು ನನ್ನ ಜಾಗ ಆಗಿತ್ತು."

"ಜಾಗ ಅಂತೆ ಜಾಗ. ಹೊಳೆಯಲ್ಲಿ ನಿಂಗೆಂತ ಪಟ್ಟಾ ಉಂಟಾ?"

ಬಾವ ಇನ್ನೂ ಒಂದು ಹೆಜ್ಜೆ ಮುಂದೆ. "ಅವ ಕೇಳಿದ, ನೀನು ಕೊಟ್ಟೆ. ಕೊಟ್ಟ ಮೇಲೆ ಪೊಲೀಸ್ ಸ್ಟೇಷನಿಗೆ ಹೋಗುದಾ? ದೊಡ್ಡ ಮನಸ್ಸು ಮಾಡ್ಬೇಕು."

ನನಗೆ ಉರಿದುಹೋಯಿತು. ದೊಡ್ಡ ಮನಸ್ಸು! ಈ ದೊಡ್ಡ ಮನಸ್ಸನ್ನು ಕೂಗಿದವನ ಹತ್ತಿರ ಯಾಕೆ ಯಾರೂ ಕೇಳುವುದಿಲ್ಲ? ಯಾವಾಗಲೂ ಮುಂದೆ ಇದ್ದವರ ಹತ್ತಿರವೇ ಯಾಕೆ? ಮದುವೆ ಊಟದಲ್ಲಿ ನೋಡಿ. ನೀವು ಕೂತು ಅನ್ನಕ್ಕೆ ಸಾರು ಕಲಸುವಾಗಲೇ ನಿಮ್ಮ ಕುರ್ಚಿಯ ಬೆನ್ನಿಗೆ ಒಂದು ಕೈ ಬಂದು ಕೂರುತ್ತದೆ. ಪಾಯಸ ಬರುವ ಹೊತ್ತಿಗೆ ನಾಲ್ಕು ಕೈ. ಮುಂದಿನ ಪಂಕ್ತಿಯವರು. ಅವರು ಏನೂ ಹೇಳುವುದಿಲ್ಲ, ಬರೀ ನಿಂತು ನಿಮ್ಮ ಎಲೆ ನೋಡುತ್ತಾರೆ. ನೀವು ಹೋಳಿಗೆಯನ್ನು ಮಾತ್ರೆಯ ಹಾಗೆ ನುಂಗಿ ಏಳುತ್ತೀರಿ. ಏಳುವಾಗ ಅವರಿಗೆ "ಬನ್ನಿ ಬನ್ನಿ" ಅಂತ ನಗುತ್ತೀರಿ ಬೇರೆ. ಇದೂ ಸೈಡ್ ಕೊಟ್ಟದ್ದೇ ಅಲ್ಲವಾ? ಅದೂ ಹಾರ್ನ್ ಇಲ್ಲದೆ!

"ದೂರು ಕೊಡು," ಎಂದೆ ಅನ್ವಿತಾಳಿಗೆ. "ನಾನು ಸಾಕ್ಷಿ ಹೇಳ್ತೇನೆ. ನಾನು ಕಣ್ಣಾರೆ ನೋಡಿದ್ದೇನೆ. ಅವನ ದೋಣಿ ನಿನ್ನ ಬೆನ್ನ ಹಿಂದೆಯೇ ಇತ್ತು."

ಅಕ್ಕ ನನ್ನನ್ನು ನೋಡಿದ ನೋಟ ಬರೆಯುವಂಥದ್ದಲ್ಲ.

ಅನ್ವಿತಾ ದೂರು ಬರೆದು ಕೊಟ್ಟಳು. ವಿಚಾರಣೆಗೆ ಮೊದಲು ಸ್ವಲ್ಪ ಸಮಯವಿತ್ತು. ನಾನು ಆ ಸಮಯವನ್ನು ಹಾಳು ಮಾಡಲಿಲ್ಲ. ಟೀ ಕೊಡುವವರಿಗೆ ಹೇಳಿದೆ. ಪುತ್ತೂರಿನ ಒಬ್ಬ ಹುಡುಗಿಯ ತಂದೆಗೆ ಹೇಳಿದೆ. ದೋಣಿ ತೊಳೆಯುತ್ತಿದ್ದವರಿಗೆ ಹೇಳಿದೆ. ಎಲ್ಲರೂ "ಹೌದಾ? ಅಷ್ಟು ಹತ್ತಿರವಾ?" ಎಂದು ಬಾಯಿ ಬಿಟ್ಟರು. ಬಾಯಿ ಬಿಡುವವರು ಸಿಕ್ಕಿದರೆ ಹೇಳುವವರಿಗೆ ಕೇಳಬೇಕಾ?

ಶೆಡ್ಡಿನ ಹಿಂದೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು. ಮೂವರಲ್ಲಿ ಮುಖ್ಯರಾದವರು ಕಾರವಾರದಿಂದ ಬಂದಿದ್ದ ಒಬ್ಬ ಮಹಿಳೆ. ಬಿಸಿಲಿಗೆ ಕಪ್ಪಾದ ಮುಖ, ಕತ್ತರಿಸಿದ ಬಿಳಿ ಕೂದಲು, ಮಾತು ಕಡಿಮೆ. ಮೇಜಿನ ಮೇಲೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಆಟಿಕೆ ದೋಣಿಗಳು. ಎಲ್ಲ ಕಡೆ ವಿಚಾರಣೆ ಹೀಗೆಯೇ ಅಂತೆ. ಬಾಯಲ್ಲಿ ಹೇಳಿದ್ದನ್ನು ದೋಣಿ ಇಟ್ಟು ತೋರಿಸಬೇಕು.

ಮೊದಲು ನಿಶಾನನನ್ನು ಕೇಳಿದರು. ಯಾಕೆ ಕೂಗಿದೆ?

"ಸೈಡ್ ಕೇಳಿದೆ ಮೇಡಂ."

"ನೀರಿನ ಮೇಲೆ ಸೈಡ್ ಎಲ್ಲಿದೆ?"

ಅವನು ತಲೆ ಕೆರೆದುಕೊಂಡ. "ಅದು... ಅಭ್ಯಾಸದಲ್ಲಿ ಬಂತು. ನಾನು ತಪ್ಪಿಸಿಯೇ ಹೋಗ್ತಿದ್ದೆ. ಅಷ್ಟರಲ್ಲಿ ಅವಳು ಕೊಟ್ಳು. ಕೊಟ್ಟ ಮೇಲೆ ಬೇಡ ಅನ್ಲಿಕ್ಕೆ ಆಗ್ತದಾ?"

ದಿನಾ ಮುಂಡಾಜೆಯಿಂದ ಚಾರ್ಮಾಡಿ ರಸ್ತೆಯಲ್ಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಕಾಲೇಜಿಗೆ ಹೋಗುವ ಹುಡುಗ. ಅವನು ಕಲಿತದ್ದು ಡ್ರೈವರಿನಿಂದ, ಇವಳು ಕಲಿತದ್ದು ಸ್ಕೂಟರಿನಿಂದ. ಒಂದೇ ಪಾಠದ ಎರಡು ಪುಟ.

ನಂತರ ನನ್ನ ಸರದಿ. ಅವಳು ತಿರುಗಿಸುವಾಗ ಅವನು ಎಷ್ಟು ಹಿಂದೆ ಇದ್ದ, ಇಟ್ಟು ತೋರಿಸಿ ಎಂದರು.

ನಾನು ಅನ್ವಿತಾಳದೆಂದು ಕೆಂಪು ದೋಣಿಯನ್ನು ಇಟ್ಟೆ. ಅದರ ಬಾಲಕ್ಕೆ ನೀಲಿ ದೋಣಿಯ ಮೂಗು ತಾಗಿಸಿಯೇ ಇಟ್ಟೆ. ಕೂದಲೆಳೆಯ ಸಂದು ಬಿಟ್ಟಿದ್ದೆನೋ ಏನೋ.

"ನೀವು ಎಲ್ಲಿ ನಿಂತು ನೋಡಿದ್ದು?"

"ದಡದಲ್ಲಿ."

"ಅಲ್ಲಿಂದ ಇಷ್ಟು ಸರಿಯಾಗಿ ಕಂಡಿತಾ?"

ಕಂಡಿತಾ? ಆ ಕ್ಷಣದವರೆಗೆ ನನಗೆ ಸಂಶಯವೇ ಇರಲಿಲ್ಲ. ಕಣ್ಣು ಮುಚ್ಚಿದರೆ ಚಿತ್ರ ಸ್ಪಷ್ಟ ಇತ್ತು. ಆದರೆ ಯಾವ ಚಿತ್ರ? ದಡದಲ್ಲಿ ನಿಂತಾಗ ಕಂಡದ್ದಾ, ಟೀಯವರಿಗೆ ಹೇಳುವಾಗ ಕಂಡದ್ದಾ? ಟೀಯವರಿಗೆ ಹೇಳುವಾಗ ಎರಡು ದೋಣಿಗಳ ನಡುವೆ ಇನ್ನೊಂದು ದೋಣಿ ಹಿಡಿಯುವಷ್ಟು ಜಾಗ ಇತ್ತು ಅಂತ ನನಗೆ ಮಸುಕಾಗಿ ನೆನಪಾಯಿತು. ಪುತ್ತೂರಿನವರಿಗೆ ಹೇಳುವಾಗ ಅದು ಅರ್ಧ ಆಗಿತ್ತು. ನಾನು ಹೇಳಿದ ಸಲವೆಲ್ಲ ನಿಶಾನನ ದೋಣಿ ಹತ್ತಿರ ಬರುತ್ತಿತ್ತು. ಪಾಪ, ಗಾಳಿ ಬಿದ್ದುಹೋದ ಮೇಲೂ ನಾನು ಅವನನ್ನು ಓಡಿಸುತ್ತಲೇ ಇದ್ದೆ.

ಅಷ್ಟರಲ್ಲಿ ಪಕ್ಕದಿಂದ ಒಂದು ಒದ್ದೆ ಕೈ ಬಂತು. ಅನ್ವಿತಾ ನೀಲಿ ದೋಣಿಯನ್ನು ಹಿಡಿದು ಹಿಂದೆ ಎಳೆದಳು. ಇನ್ನೂ ಹಿಂದೆ. ಮೇಜಿನ ಅರ್ಧದಷ್ಟು ಹಿಂದೆ.

"ಇಲ್ಲಿ ಇದ್ದ," ಎಂದಳು. "ಚಿಕ್ಕಮ್ಮನಿಗೆ ದಡದಿಂದ ಸರಿ ಗೊತ್ತಾಗ್ಲಿಲ್ಲ. ಅವನು ಕೂಗುವಾಗ ಇಲ್ಲಿದ್ದ. ನಾನು ತಿರುಗಿ ನೋಡದೆ ಎಡಕ್ಕೆ ಹೋದೆ."

ನೀಲಿ ದೋಣಿ ಈಗ ನಿಂತ ಜಾಗವನ್ನು ಆ ಮಹಿಳೆ ಕಾಗದದಲ್ಲಿ ಗುರುತು ಹಾಕಿಕೊಂಡರು. ಗೋವಾ ಆ ಮೇಜಿನ ಮೇಲೆ ಎರಡು ಆಟಿಕೆಗಳ ನಡುವೆ ಇತ್ತು ಅಂತ ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ನೀನು ನಿನ್ನ ದಾರಿ ಬಿಡದೆ ಇದ್ದು, ಅವನು ತಪ್ಪಿಸದೆ ನಿನ್ನ ಮೇಲೆ ಬಂದಿದ್ದರೆ ಅವನದು ತಪ್ಪು. ತಪ್ಪಿಸಲಿಕ್ಕೆ ಅವನಿಗೆ ಬೇಕಾದಷ್ಟು ಜಾಗ ಇತ್ತು. ಅವನು ತಪ್ಪಿಸುತ್ತಿದ್ದನೋ ಇಲ್ಲವೋ ನೋಡುವ ಮೊದಲೇ ನೀನು ಬಿಟ್ಟುಕೊಟ್ಟೆ," ಎಂದರು. "ಕೊಟ್ಟದ್ದನ್ನು ಕಸಿದುಕೊಂಡದ್ದು ಅಂತ ನಾನು ಬರೆಯಲಿಕ್ಕಾಗುವುದಿಲ್ಲ ಮಗಳೇ."

ದೂರು ಬಿದ್ದುಹೋಯಿತು. ನಿಶಾನ್ ಗೋವಾಕ್ಕೆ. ಅನ್ವಿತಾ ಪುತ್ತಿಗೆಗೆ.

ತೀರ್ಪು ಸರಿ. ನಾನು ಎಷ್ಟು ಸಲ ಮಗುಚಿ ನೋಡಿದರೂ ಸರಿಯೇ. ಆದರೆ ಸಿಟ್ಟು ಕಮ್ಮಿಯಾಗಬೇಕಲ್ಲ? ಆಗಲಿಲ್ಲ, ಹೆಚ್ಚಾಯಿತು. ಯಾರ ಮೇಲೆ ಅಂತ ಹೇಳಲಿ? ಹುಡುಗನ ಮೇಲಾ? ಅವನು ಆಮೇಲೆ ಬಂದು, "ಅನ್ವಿತಾ, ನಿಜವಾಗಿ ನಂಗೆ ಬೇಜಾರಾಯ್ತು ಮಾರಾಯ್ತಿ. ನೀನು ಯಾಕೆ ಸರಿದದ್ದು?" ಎಂದು ಕೇಳಿದ. ಅವನ ಮುಖದಲ್ಲಿ ಮೋಸ ಇರಲಿಲ್ಲ. ಅದೇ ನನಗೆ ಸಹಿಸಲಿಕ್ಕಾಗದ್ದು. ಇಲ್ಲಿ ಯಾರೂ ಕಸಿಯುವುದಿಲ್ಲ ನೋಡಿ. ಕೇಳುತ್ತಾರೆ, ಸ್ವಲ್ಪ ಜೋರಾಗಿ. ನಾವು ಕೊಡುತ್ತೇವೆ, ಸ್ವಲ್ಪ ಬೇಗ. ಕೊಟ್ಟ ಮೇಲೆ ದೂರು ಹೇಳುವ ಹಾಗಿಲ್ಲ. ಬಿದ್ದರೆ ಸೋಡ ಸಿಗುತ್ತದೆ.

ಅಕ್ಕನಿಗೆ ಮಾತ್ರ ಸಮಾಧಾನ. "ಒಳ್ಳೆದೇ ಆಯ್ತು. ಸುಳ್ಳು ಹೇಳ್ಲಿಲ್ಲ ನನ್ನ ಮಗಳು," ಎಂದು ಚೀಲಕ್ಕೆ ಒದ್ದೆ ಬಟ್ಟೆ ತುಂಬಿಸಿದಳು. ಅದು ಹೌದು. ಅದರ ಬಗ್ಗೆ ನಾನು ತುಟಿ ಬಿಚ್ಚುವ ಹಾಗಿರಲಿಲ್ಲ. ಮೇಜಿನ ಮೇಲೆ ದೋಣಿ ತಾಗಿಸಿ ಇಟ್ಟವಳು ನಾನಲ್ಲವಾ?

ಮರುದಿನ ಸೋಮವಾರ, ಅವಳಿಗೆ ಕಾಲೇಜು. ಅದಕ್ಕೆ ಅದೇ ಸಂಜೆ ಬೆಳಕಿರುವಾಗಲೇ ನನ್ನ ಸ್ಕೂಟರಿನಲ್ಲಿ ಇಬ್ಬರೂ ಹೊರಟೆವು. ಅವಳು ಮುಂದೆ, ನಾನು ಹಿಂದೆ, ನನ್ನ ಮಡಿಲಲ್ಲಿ ಖಾಲಿ ಚಕ್ಕುಲಿ ಡಬ್ಬ. ದಾರಿಯುದ್ದಕ್ಕೂ ನಾನು ಭಾಷಣ ಮಾಡುತ್ತಲೇ ಬಂದೆ. ಇನ್ನು ಮೇಲೆ ಯಾರು ಕೂಗಿದರೂ ಸರಿಯಬಾರದು. ನೆಟ್ಟಗೆ ಹೋಗಬೇಕು. ಹಿಂದೆ ಇದ್ದವರು ದಾರಿ ಹುಡುಕಿಕೊಳ್ಳಲಿ. ನಮ್ಮ ಮಕ್ಕಳಿಗೆ ಮೊದಲು ಕಲಿಸಬೇಕಾದ್ದು ಇದು. ಹೆಲ್ಮೆಟ್ಟಿನ ಒಳಗಿನಿಂದ ಅವಳು "ಹೂಂ, ಹೂಂ" ಅನ್ನುತ್ತಿದ್ದಳು.

ಸಿದ್ದಕಟ್ಟೆಗೆ ಇನ್ನೂ ಸ್ವಲ್ಪ ಇರುವಾಗ ಹಿಂದಿನಿಂದ ಬಸ್ಸು ಬಂತು. ಹಾರ್ನ್ ಶುರುವಾಯಿತು.

ಅಲ್ಲಿ ತಿರುವು. ಎಡಕ್ಕೆ ಡಾಮರಿನ ಅಂಚು ತಿಂದುಹೋಗಿ ಮಣ್ಣು ಕೆಳಗಿಳಿದಿದೆ. ಅನ್ವಿತಾ ಕನ್ನಡಿಯಲ್ಲಿ ಒಮ್ಮೆ ನೋಡಿದಳು. ಹ್ಯಾಂಡಲ್ ಅಲುಗಿಸಲಿಲ್ಲ. ಸ್ಪೀಡ್ ಹೆಚ್ಚಿಸಲೂ ಇಲ್ಲ, ಕಡಿಮೆ ಮಾಡಲೂ ಇಲ್ಲ. ತನ್ನ ಜಾಗದಲ್ಲಿ, ತನ್ನ ಗೆರೆಯಲ್ಲಿ, ನದಿಯ ಮೇಲೆ ಹೋಗಬೇಕಿದ್ದ ಹಾಗೆ ಹೋದಳು. ಹಾರ್ನ್ ನನ್ನ ಬೆನ್ನುಮೂಳೆಯ ಒಳಗೇ ಹೊಡೆಯುತ್ತಿತ್ತು. ನನ್ನ ಮೊಣಕಾಲಿಗೆ ಶಿರ್ತಾಡಿಯ ತೋಡು ನೆನಪಾಯಿತು. ಅವಳ ಹೆಗಲು ಹಿಡಿದು ಅಲ್ಲಾಡಿಸಿ ನಾನು ಕಿರುಚಿದೆ, "ಸೈಡ್ ಕೊಡು! ಸೈಡ್ ಕೊಡು ಮಾರಾಯ್ತಿ!"

ಅವಳು ಕೊಡಲಿಲ್ಲ. ತಿರುವು ಮುಗಿಯಿತು. ರಸ್ತೆ ನೇರವಾಯಿತು, ಎದುರು ಯಾರೂ ಇರಲಿಲ್ಲ. ಬಸ್ಸು ಬಲಕ್ಕೆ ಹೊರಳಿ, ತನ್ನ ದಾರಿ ತಾನು ಹುಡುಕಿಕೊಂಡು, ನಮ್ಮನ್ನು ದಾಟಿ ಹೋಯಿತು. ಅಷ್ಟೇ. ಯಾರೂ ಬೀಳಲಿಲ್ಲ. ಕಂಡಕ್ಟರ್ ಬಾಗಿಲಿನಿಂದ ಏನೋ ಹೇಳಿದ, ಗಾಳಿಗೆ ಕೇಳಿಸಲಿಲ್ಲ.

ಪುತ್ತಿಗೆ ಬರುವವರೆಗೆ ನಾನು ಭಾಷಣ ಮುಂದುವರಿಸಲಿಲ್ಲ. ಮನೆಯ ಅಂಗಳದಲ್ಲಿ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು, ಅನ್ವಿತಾ ಬಹಳ ಮರ್ಯಾದೆಯಿಂದಲೇ ಕೇಳಿದಳು:

"ಚಿಕ್ಕಮ್ಮ, ಅಲ್ಲಿ ಹಾರ್ನ್ ಹೊಡೆದದ್ದು ಬಸ್ಸಾ, ನೀವಾ?"